ಅಮ್ಮನನ್ನು ಸತ್ತವರ ಹಬ್ಬಕ್ಕೆ ಕರೆದುಕೊಂಡು ಹೋದದ್ದು

ಸಾವಿನ ಮಾತು ಬಂದ ಕೂಡಲೇ ನನಗೆ ಬೇರೆ ಏನಾದರೂ ಕೆಲಸ ನೆನಪಾಗುತ್ತದೆ. ಯಾರಾದರೂ ‘ಮೊನ್ನೆ ಪಾಪ ಅವರು…’ ಎಂದು ದನಿ ತಗ್ಗಿಸಿದರೆ ಸಾಕು, ನಾನು ಎದ್ದು ಬಚ್ಚಲಮನೆಯ ನಲ್ಲಿ ಸರಿಯಾಗಿ ನಿಲ್ಲಿಸಿದ್ದೇನೆಯೇ ಎಂದು ನೋಡಿ ಬರುತ್ತೇನೆ. ಹಾಗೆಂದು ಸಾವಿನ ಬಗ್ಗೆ ನಾನು ಯೋಚಿಸುವುದಿಲ್ಲ ಎಂದು ತಿಳಿಯಬೇಡಿ. ಬೇರೆ ಏನನ್ನೂ ಯೋಚಿಸುವುದಿಲ್ಲ ಎಂದರೂ ಸುಳ್ಳಲ್ಲ. ನನ್ನ ಕೆಲಸವೇ ಅಂಥದ್ದು. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕುಳಿತು, ಡಾಲಸ್ ಸುತ್ತಮುತ್ತ ಆಲಿಕಲ್ಲು ಮಳೆ ಬಿದ್ದರೆ ಯಾರ ಯಾರ ಸೂರು ಎಷ್ಟೆಷ್ಟು ಹಾಳಾದೀತು ಎಂದು ಮುಂಚಿತವಾಗಿ ಚಿಂತೆ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಬಳವಿಲ್ಲದ ಚಿಂತೆಗಳನ್ನು ಮನೆಗೆ ಬಂದ ಮೇಲೆ ಮಾಡುತ್ತೇನೆ. ಆದರೆ ಮನಸ್ಸಿನೊಳಗೆ ಚಿಂತೆ ಮಾಡುವುದು ಬೇರೆ, ಅದನ್ನು ತಿಂಡಿ ತಿನ್ನುವಾಗ ಬಾಯಿಬಿಟ್ಟು ಮಾತಾಡುವುದು ಬೇರೆ. ಮೊದಲನೆಯದು ನನಗೆ ಉಸಿರಾಟದಷ್ಟು ಸಲೀಸು. ಎರಡನೆಯದು ಬಂದರೆ ಉಸಿರೇ ಕಟ್ಟುತ್ತದೆ.

ಇಂಥವನ ಮನೆಗೆ ಈ ಸಲ ಅಮ್ಮ ಆರು ತಿಂಗಳು ಇರಲು ಬಂದಳು. ಅಪ್ಪ ಹೋದ ಮೇಲೆ ಅವಳು ಮೈಸೂರಿನಲ್ಲಿ ನನ್ನ ತಂಗಿ ವಾಣಿಯ ಜೊತೆಯಲ್ಲಿದ್ದಾಳೆ. ಎಂಬತ್ತರ ಹತ್ತಿರ ಬಂದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಹುರಳಿಕಾಳು, ಹುಣಸೆಹಣ್ಣು ತಂದಂತೆಯೇ ತಲೆಯಲ್ಲಿ ಒಂದು ಮಾತನ್ನೂ ಕಟ್ಟಿಕೊಂಡು ತಂದಿದ್ದಳು. ಬಂದ ವಾರದೊಳಗೆ, ನನ್ನ ತಟ್ಟೆಗೆ ಇಡ್ಲಿ ಹಾಕುತ್ತ, ಚಟ್ನಿ ಬೇಕೇ ಎಂದು ಕೇಳುವ ದನಿಯಲ್ಲೇ ಹೇಳಿಬಿಟ್ಟಳು: “ರಘು, ನಾನು ಹೋದಾಗ ನೀನು ಬರ್ತೀಯ ಅಂತ ನನ್ನನ್ನ ಐಸಲ್ಲಿ ಇಟ್ಟು ಕಾಯೋದು ಬೇಡ ಕಣೋ. ವಾಣೀನೇ ಬೆಂಕಿ ಇಡಲಿ. ನೀನು ಹೂಂ ಅನ್ನದೆ ಅವಳು ಮಾಡಲ್ಲವಂತೆ. ಮಗ ಬರೋಕೆ ಮುಂಚೆ ತಾಯೀನ ಸುಟ್ಟಳು ಅಂತ ಜನ ಆಡ್ಕೋತಾರಂತೆ. ಅದಕ್ಕೆ ನಿನ್ನ ಬಾಯಲ್ಲಿ ಒಂದು ಮಾತು ಬರಲಿ.”

ನಾನು “ಗ್ಯಾರೇಜ್ ಬಾಗಿಲು ಹಾಕಿದ್ದೀನೋ ಇಲ್ವೋ” ಎಂದು ಎದ್ದು ಹೋದೆ.

ಆಮೇಲೆ ಇದೇ ಆಯಿತು. ಅಮ್ಮ “ರಘು, ಆ ವಿಷಯ…” ಎಂದು ಶುರು ಮಾಡಿದರೆ ನಾನು ಏಣಿ ಹುಡುಕುತ್ತಿದ್ದೆ. ಸೂರಿನ ಅಂಚಿನ ಮಳೆನೀರಿನ ದೋಣಿಯಲ್ಲಿ ಕಟ್ಟಿಕೊಂಡಿದ್ದ ಎಲೆ ತೆಗೆದೆ. ಎ.ಸಿ. ಫಿಲ್ಟರ್ ಬದಲಾಯಿಸಿದೆ. ವರ್ಷಗಳಿಂದ ಕಿರುಗುಡುತ್ತಿದ್ದ ಬಾಗಿಲುಗಳಿಗೆಲ್ಲ ಎಣ್ಣೆ ಬಿತ್ತು. ಬೇಲಿಗೆ ಬಣ್ಣವಾಯಿತು. ನನ್ನ ಹೆಂಡತಿ ಶೈಲಾ ಒಂದು ದಿನ ಕಾಫಿ ಹಿಡಿದು ಬಂದು ಬೇಲಿಯನ್ನು ಮೇಲಿಂದ ಕೆಳಗೆ ನೋಡಿ, “ರೀ, ಅತ್ತೆ ಇನ್ನೊಂದು ಆರು ತಿಂಗಳು ಇದ್ದರೆ ಈ ಮನೇನ ಒಳ್ಳೇ ರೇಟಿಗೆ ಮಾರಬಹುದು” ಎಂದಳು. ವಿದೇಶದಲ್ಲಿ ಇರುವವರಿಗೆ ನಾನು ವಿವರಿಸಬೇಕಾದ್ದಿಲ್ಲ. ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಒಂದು ಫೋನು, ಅದು ಬಂದ ಮೇಲೆ ಹಿಡಿಯಬೇಕಾದ ಒಂದು ವಿಮಾನ, ಅದು ಇಳಿಯುವವರೆಗೆ ಅಲ್ಲಿ ಕಾಯುವ ಜನ: ನಾವೆಲ್ಲ ಈ ಮೂರನ್ನು ಜೇಬಿನಲ್ಲಿಟ್ಟುಕೊಂಡೇ ದಿನಸಿ ತರಲು ಹೋಗುವವರು. ನಾನು ಆ ಮಾತು ಕೊಡುವುದೆಂದರೆ, ಅಮ್ಮ ಸಾಯುತ್ತಾಳೆ ಎಂಬುದಕ್ಕೆ ರುಜು ಹಾಕಿದಂತೆ. ಕೊಡದಿದ್ದರೆ ಅವಳು ಸಾಯುವುದಿಲ್ಲ ಎಂದು ನಾನು ನಂಬಿದ್ದೆನೇ? ಇನ್ಶೂರೆನ್ಸ್ ಕಂಪನಿಯಲ್ಲಿದ್ದೂ ನಂಬಿದ್ದೆ.

ಹೀಗಿರುವಾಗ ಅಕ್ಟೋಬರ್ ಬಂತು. ಅಕ್ಟೋಬರ್ ಬಂತೆಂದರೆ ಡಾಲಸ್ ಪಕ್ಕದಲ್ಲಿ ನಾವಿರುವ ಫ್ರಿಸ್ಕೋದಲ್ಲಿ ಹ್ಯಾಲೋವೀನ್ ಹೆಸರಿನಲ್ಲಿ ಮನೆಮನೆಯ ಮುಂದಿನ ಹುಲ್ಲಿನ ಮೇಲೆ ಅಸ್ಥಿಪಂಜರಗಳು ಏಳುತ್ತವೆ. ನಮ್ಮ ಎದುರುಮನೆಯವರು ನಿಲ್ಲಿಸಿದ್ದು ಸೂರು ಮುಟ್ಟುವಷ್ಟು ಎತ್ತರದ್ದು. ಅಮ್ಮ ಬೆಳಗಿನ ವಾಕ್ ಮುಗಿಸಿ ಬಂದವಳು, “ಎದುರುಮನೆಯವರು ಡಾಕ್ಟರಾ? ಮಕ್ಕಳು ಓದಿಕೊಳ್ಳಲಿ ಅಂತ ಎಷ್ಟು ದೊಡ್ಡದು ತರಿಸಿದ್ದಾರೆ ನೋಡು” ಎಂದಳು. ಆ ಮನೆಯಾತ ಸೈಟು ಮಾರುವವನು. ಅದು ಬರೀ ಅಲಂಕಾರ ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ. ಆಮೇಲೆ ದಿನಾ ಹೋಗಿ ನೋಡಿ ಬಂದು ವರದಿ ಒಪ್ಪಿಸತೊಡಗಿದಳು: “ಇವತ್ತು ಟೋಪಿ ಹಾಕಿದ್ದಾರೆ ಕಣೋ. ಪಾಪ, ಬಿಸಿಲು.”

ಅದೇ ವಾರ ಆಸ್ಟಿನ್‌ನಲ್ಲಿ ಓದುತ್ತಿರುವ ನನ್ನ ಮಗಳು ಅನಘಾ ಫೋನ್ ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದನ್ನು ಇಲ್ಲಿ ಉದ್ದಕ್ಕೂ ನಾನೇ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ. ನವೆಂಬರ್ ಮೊದಲ ಶನಿವಾರ ಅಲ್ಲಿ ಮೆಕ್ಸಿಕೋದವರ ಸತ್ತವರ ಹಬ್ಬ, ಪಾರ್ಕಿನಲ್ಲಿ ಸಾಲಾಗಿ ಮೇಜು ಹಾಕಿ ತಮ್ಮ ಮನೆಯ ಸತ್ತವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಬಡಿಸಿ, ಅವರು ಬರಲಿ ಎಂದು ಕಾಯುತ್ತಾರಂತೆ, ಮೆರವಣಿಗೆ ಇದೆಯಂತೆ, ವಾಲಗವಿದೆಯಂತೆ. “ಅಜ್ಜಿ, ಬರ್ತೀಯಾ?” ಇಷ್ಟನ್ನು ಮಾತ್ರ ಕನ್ನಡದಲ್ಲೇ ಕೇಳಿದಳು, ದುಷ್ಟೆ.

“ಇದು ನಮ್ಮ ಪಕ್ಷದ ಹಬ್ಬ ಅಲ್ವೇನೋ!” ಎಂದು ಅಮ್ಮ ಅರಳಿಬಿಟ್ಟಳು. ನಮ್ಮಲ್ಲೂ ಮಹಾಲಯದ ಹೊತ್ತಿಗೆ ಹಿರಿಯರಿಗೆ ಎಡೆ ಇಡುತ್ತೇವೆ. ಅಪ್ಪನ ಫೋಟೋದ ಮುಂದೆ ವಾಣಿ ವಡೆ, ಪಾಯಸ, ಕೋಳಿಸಾರಿನ ಪಕ್ಕದಲ್ಲಿ ಒಂದು ಪ್ಯಾಕ್ ಸಿಗರೇಟನ್ನೂ ಇಡುತ್ತಾಳೆ, ಬೆಂಕಿಪೊಟ್ಟಣ ಮರೆಯದೆ.

ನಾನು ಅಡ್ಡ ಬಂದೆ. “ಅಮ್ಮ, ಅಲ್ಲಿ ಪೂರಾ ಬುರುಡೆ, ಮೂಳೆ ಕಣಮ್ಮ. ಈ ವಯಸ್ಸಲ್ಲಿ ನಿಂಗ್ಯಾಕೆ?”

“ಈ ವಯಸ್ಸಲ್ಲದೆ ಇನ್ಯಾವ ವಯಸ್ಸಲ್ಲಿ ಹೋಗೋದು? ಹೇಗಿದ್ರೂ ಆ ಕಡೆಗೇ ಹೊರಟವಳು, ಒಂದ್ಸಲ ನೋಡ್ಕೊಂಡು ಬರೋಣ.”

ಡಾಲಸ್‌ನಲ್ಲೇ ಒಂದು ಕಡೆ ನಡೆಯುತ್ತದೆ, ಅಲ್ಲಿಗೆ ಹೋಗಿ ಬೇಗ ಬಂದುಬಿಡೋಣ ಎಂದೆ. ಹ್ಯೂಸ್ಟನ್ನಿನದು ಇನ್ನೂ ಚೆನ್ನಾಗಿರುತ್ತದೆ ಎಂದು ಶೈಲಾಗೆ ಯಾರೋ ಹೇಳಿದ್ದರು. ಅದು ಬಹಳ ದೂರ, ಆಮೇಲೆ ಅಲ್ಲಿ ನೆರೆ ಬರುತ್ತದೆ ಎಂದೆ. “ನವೆಂಬರಿನಲ್ಲಿ ನೆರೆಯಾ?” ಎಂದಳು. “ಬಂದರೆ?” ಎಂದೆ. ಕೊನೆಗೆ ಮೊಮ್ಮಗಳಿರುವ ಊರೇ ಎಂದು ಅಮ್ಮ ತೀರ್ಪು ಕೊಟ್ಟಳು. ಹಬ್ಬ ಮುಗಿದು ಎರಡೇ ವಾರಕ್ಕೆ ಅವಳು ಮೈಸೂರಿಗೆ ಹೊರಡುವವಳಿದ್ದಳು, ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಏಣಿ ಇಲ್ಲದ ಜಾಗ ಕಾರು ಎಂಬುದು ನನಗೆ ಹೈವೇ ಹತ್ತಿದ ಮೇಲೆ ಹೊಳೆಯಿತು. ವೇಕೋ ಊರು ದಾಟಿದ ಮೇಲೆ ಹಿಂದಿನ ಸೀಟಿನಿಂದ ದನಿ ಬಂತು: “ರಘು, ಆ ವಿಷಯ…”

“ಅಮ್ಮ, ಡ್ರೈವ್ ಮಾಡುವಾಗ ಮಾತಾಡಿಸಬೇಡ, ಟ್ರಾಫಿಕ್ ಇದೆ.”

“ಅರ್ಧ ಗಂಟೆಯಿಂದ ಗಾಡಿ ನಿಂತಲ್ಲೇ ನಿಂತಿದೆ, ರೀ” ಎಂದಳು ಶೈಲಾ, ಕಿಟಕಿಯ ಹೊರಗೆ ನೋಡುತ್ತ. ಮುಂದೆ ಲಾರಿಗಳ ಸಾಲು, ರಸ್ತೆ ಅಗೆಯುತ್ತಿರುವವರ ಕಿತ್ತಳೆ ಬಣ್ಣದ ಪೀಪಾಯಿಗಳು. ನಾನು ನಿಂತ ಗಾಡಿಯ ಸ್ಟೀರಿಂಗ್ ಹಿಡಿದು ಬಹಳ ಏಕಾಗ್ರತೆಯಿಂದ ಮುಂದೆ ನೋಡುತ್ತಿದ್ದೆ.

ಪಾರ್ಕಿನ ಗೇಟಿನಲ್ಲಿ ಅನಘಾ ಕಾಯುತ್ತಿದ್ದಳು. ಮುಖಕ್ಕೆ ಬುರುಡೆಯ ಬಣ್ಣ ಬಳಿಸಿಕೊಂಡಿದ್ದಳು. ಬಿಳಿಯ ಮೂಳೆ, ಕಪ್ಪು ಕಣ್ಣುಗುಳಿ, ತುಟಿಯ ಮೇಲೆ ಹಲ್ಲಿನ ಗೆರೆಗಳು, ಹಣೆಯ ಮೇಲೆ ಒಂದು ಕೆಂಪು ಹೂವು. ಅಲ್ಲಿ ಎಲ್ಲರೂ ಹಾಗೇ ಇದ್ದರು, ಕಂಕುಳಲ್ಲಿದ್ದ ಕೂಸುಗಳೂ. ಚೆನ್ನಾಗಿಯೇ ಬರೆದಿದ್ದರು. ಆದರೆ ಮಗಳ ಮುಖದ ಒಳಗಡೆ ಏನಿದೆ ಎಂದು ತಂದೆಯಾದವನು ನೋಡಬಾರದು. ಅವಳು ನಕ್ಕಾಗ ಬಣ್ಣದ ಹಲ್ಲುಗಳ ನಡುವೆ ನಿಜವಾದ ಹಲ್ಲು ಕಂಡಿತು, ನಾನು ಪಾರ್ಕಿಂಗ್ ಚೀಟಿ ಕಾರಿನಲ್ಲಿ ಕಾಣುವಂತೆ ಇಟ್ಟಿದ್ದೇನೆಯೇ ನೋಡಿ ಬರುತ್ತೇನೆ ಎಂದು ಹೊರಟೆ. ಹಿಂತಿರುಗುವಷ್ಟರಲ್ಲಿ ಅಮ್ಮ ಮೊಮ್ಮಗಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಿದ್ದಳು, ಅಂಗೈಗೆಲ್ಲ ಬಿಳಿ ಬಣ್ಣ ಮೆತ್ತಿಕೊಂಡಿತ್ತು.

ಮೇಜುಗಳ ಸಾಲಿನಲ್ಲಿ ನಡೆದೆವು. ಎಲ್ಲಿ ನೋಡಿದರೂ ಚೆಂಡುಹೂವು. ಫೋಟೋಗಳು, ಮೇಣದಬತ್ತಿ, ಲೋಟದಲ್ಲಿ ನೀರು, ಬಾಳೆಹಣ್ಣು, ಬಿಯರ್ ಬಾಟಲಿ, ಒಂದು ಕಡೆ ಯಾರದೋ ಕನ್ನಡಕ, ಇನ್ನೊಂದು ಕಡೆ ತೀರಾ ಪುಟ್ಟದೊಂದು ಜೊತೆ ಬೂಟು. ಆ ಬೂಟಿನ ಮೇಜನ್ನು ನಾನು ಬೇಗ ದಾಟಿದೆ. ತಿರುಗಿ ನೋಡಿದರೆ ಅಮ್ಮ ಜೊತೆಯಲ್ಲಿರಲಿಲ್ಲ. ಹಿಂದಿನ ಒಂದು ಮೇಜಿನ ಮುಂದೆ, ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದಳು. ಎರಡು ಜಡೆಯ ಮುದುಕಿಯೊಬ್ಬಳ ಫೋಟೋ. ಅದರ ಮುಂದೆ ತಟ್ಟೆಯಲ್ಲಿ ಗುಂಡನೆಯ ಬ್ರೆಡ್, ಅದರ ಮೇಲೆ ಹಿಟ್ಟಿನಲ್ಲೇ ಮಾಡಿದ ಮೂಳೆಗಳು. ನಾನು “ಅಮ್ಮಾ” ಎನ್ನುವಷ್ಟರಲ್ಲಿ ಅವಳು ಅದರಿಂದ ಒಂದು ಮೂಳೆ ಮುರಿದು, ಕಣ್ಣಿಗೆ ಒತ್ತಿಕೊಂಡು, ಬಾಯಿಗೆ ಹಾಕಿಕೊಂಡಳು.

ಅವಳ ಲೆಕ್ಕ ನನಗೆ ಗೊತ್ತು. ನಮ್ಮಲ್ಲಿ ಎಡೆ ಇಟ್ಟು, ಬಾಗಿಲು ಮುಚ್ಚಿ, ಹಿರಿಯರು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕೂತು, ಆಮೇಲೆ ಬಾಗಿಲು ತೆಗೆದು ಅದನ್ನೇ ಎಲ್ಲರೂ ಹಂಚಿಕೊಂಡು ತಿನ್ನುತ್ತೇವೆ. ಇಲ್ಲಿ ಬಾಗಿಲೇ ಇಲ್ಲ, ಮೇಣದಬತ್ತಿ ಅರ್ಧ ಉರಿದಿದೆ, ಹಾಗಾಗಿ ಊಟ ಮುಗಿದಿರಬೇಕು ಎಂದುಕೊಂಡಿದ್ದಳು. ಆದರೆ ಇಲ್ಲಿ ಸತ್ತವರಿಗೆ ಸಂಜೆಯವರೆಗೂ ಹೊತ್ತಿತ್ತು. ಎಲೆಯ ಮುಂದೆ ಇನ್ನೂ ಕೂತಿರುವವರ ಎಲೆಗೆ ನನ್ನ ಅಮ್ಮ ಕೈ ಹಾಕಿದ್ದಳು, ಅದೂ ಪರಿಚಯವೇ ಇಲ್ಲದವರ ಎಲೆಗೆ.

ಮೇಜಿನ ಹಿಂದಿನ ಕುರ್ಚಿಯಿಂದ ಒಬ್ಬ ಹೆಂಗಸು ಎದ್ದಳು. ಅರವತ್ತರ ಆಸುಪಾಸು, ಗಟ್ಟಿ ಆಳು. ನಾನು ಇಂಗ್ಲಿಷಿನಲ್ಲಿ ಸಾರಿ ಹೇಳಿದೆ, ಮತ್ತೆ ಹೇಳಿದೆ, ಕೈ ಮುಗಿದೂ ಹೇಳಿದೆ. ಶಾಲೆಯಿಂದಲೂ ಸ್ಪ್ಯಾನಿಷ್ ಕಲಿತಿರುವ ಅನಘಾ ಏನೋ ಹೇಳಿದಳು. ಹೆಂಗಸು ಅಮ್ಮನನ್ನು ನೋಡಿದಳು, ಅಮ್ಮನ ಬರಿಗಾಲು ನೋಡಿದಳು, ತನ್ನ ಕುರ್ಚಿಯನ್ನೇ ಅಮ್ಮನ ಹಿಂದಕ್ಕೆ ತಳ್ಳಿದಳು. ಅವಳ ಹೆಸರು ಮಾರ್ತಾ, ಫೋಟೋದಲ್ಲಿರುವುದು ಅವಳ ತಾಯಿ. ಯಾರಾದರೂ ತಿನ್ನದೆ ಎದ್ದು ಹೋದರೆ ಆ ತಾಯಿಗೆ ಸಿಟ್ಟು ಬರುತ್ತಿತ್ತಂತೆ, ಹಾಗಾಗಿ ಇನ್ನೊಂದು ಚೂರು ತಗೋಬೇಕಂತೆ.

“ಅಜ್ಜಿ, ಅದರಲ್ಲಿ ಮೊಟ್ಟೆ ಇದೆ” ಎಂದಳು ಅನಘಾ. ಅಂದು ಶನಿವಾರ. ಅಮ್ಮ ಶನಿವಾರ ಮೊಟ್ಟೆ ಇಟ್ಟ ಫ್ರಿಜ್ಜನ್ನೂ ಮುಟ್ಟುವವಳಲ್ಲ.

ಅಮ್ಮ ಅಗಿಯುವುದನ್ನು ನಿಲ್ಲಿಸಲಿಲ್ಲ. “ಸಾರ ಎಲ್ಲ ಅವರಮ್ಮ ತಿಂದಿರ್ತಾರೆ. ಮೊಟ್ಟೆ ಎಲ್ಲಿ ಉಳಿದಿರುತ್ತೆ ಬಿಡು.”

ಅಲ್ಲಿಂದ ನನ್ನ ಕಷ್ಟಕಾಲ ಶುರುವಾಯಿತು. ಅಮ್ಮನಿಗೂ ಮಾರ್ತಾಗೂ ಮಾತಾಡುವ ಆಸೆ. ಮಾರ್ತಾಳ ಮಾತನ್ನು ಅನಘಾ ಇಂಗ್ಲಿಷ್ ಮಾಡುತ್ತಿದ್ದಳು, ನಾನು ಕನ್ನಡ ಮಾಡುತ್ತಿದ್ದೆ. ಅಮ್ಮನ ಕನ್ನಡ ಮೊಮ್ಮಗಳಿಗೆ ಅಡುಗೆಮನೆಯ ಮಟ್ಟಿಗೆ ನೇರವಾಗಿ ತಿಳಿಯುತ್ತಿತ್ತು. ಅದು ಸ್ಮಶಾನದ ಹತ್ತಿರ ಹೋದಂತೆ ಅವಳು ನನ್ನ ಮುಖ ನೋಡುತ್ತಿದ್ದಳು. ಮಾರ್ತಾ ಹೇಳಿದಳು: ತಾಯಿ ಸತ್ತದ್ದು ಮೆಕ್ಸಿಕೋದ ಊರಿನಲ್ಲಿ. ಇವಳಿಗೆ ಹೋಗಲಾಗಲಿಲ್ಲ. ಆಗ ಕಾಗದಪತ್ರ ಇರಲಿಲ್ಲ, ಹೋದರೆ ಮತ್ತೆ ಗಡಿ ದಾಟಿ ಈ ಕಡೆ ಬರಲು ಬಿಡುತ್ತಿರಲಿಲ್ಲ, ಮಕ್ಕಳು ಇಲ್ಲಿದ್ದರು. ಅಲ್ಲಿಯವರು ಕಾಯಲಿಲ್ಲ, ಮಾರನೆಯ ದಿನವೇ ಮಣ್ಣು ಮಾಡಿದರು.

ಇದನ್ನು ಕನ್ನಡ ಮಾಡಿದ್ದು ನನ್ನ ತಪ್ಪು. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ಕೇಳು ಅವಳನ್ನ. ಮಗಳಿಗೋಸ್ಕರ ಕಾಯ್ಲಿಲ್ಲ ಅಂತ ಅವರಮ್ಮನಿಗೆ ಬೇಜಾರಾಯ್ತಾ? ನಂಗೊಬ್ಬ ಮಗ ಇದ್ದಾನೆ, ವಿಮಾನ ಇಳಿಯೋವರೆಗೂ ನನ್ನ ಹೆಣ ಸುಡೋಕೆ ಬಿಡಲ್ಲ ಅಂತಾನೆ, ಏನು ಮಾಡಲಿ ಅಂತ ಕೇಳು.”

ಅನಘಾ ನನ್ನ ಮುಖ ನೋಡಿದಳು. “ಅಪ್ಪಾ, ಹೆಣ ಅಂದ್ರೆ?”

“ಹೂವಿನ ಅಲಂಕಾರ ಬಹಳ ಚೆನ್ನಾಗಿದೆ ಅಂತಿದ್ದಾರೆ ಅಜ್ಜಿ” ಎಂದೆ ಇಂಗ್ಲಿಷಿನಲ್ಲಿ.

“ಹೂವಿನ ವಿಷಯ ನಾನು ಆಡ್ಲೇ ಇಲ್ಲ” ಎಂದಳು ಅಮ್ಮ. ಫ್ಲವರ್ ಎಂಬ ಪದ ತಿಳಿಯದಷ್ಟು ದಡ್ಡಿ ಎಂದುಕೊಂಡೆಯಾ ಎಂಬಂತೆ ನೋಡಿದಳು. ಶೈಲಾ ನನ್ನ ಪಕ್ಕಕ್ಕೆ ಬಂದು, “ರೀ, ಇಲ್ಲಿ ರಿಪೇರಿ ಮಾಡೋಕೆ ಏನೂ ಇಲ್ಲ” ಎಂದು ಮೆಲ್ಲಗೆ ಹೇಳಿದಳು.

ಹಾಗಾಗಿ ನಾನು ನನ್ನ ತಾಯಿಯ ಹೆಣದ ವಿಷಯವನ್ನು ನನ್ನ ಬಾಯಿಯಿಂದಲೇ ಇಂಗ್ಲಿಷಿನಲ್ಲಿ ಹೇಳಿದೆ. ಬುರುಡೆಯ ಮುಖದ ನನ್ನ ಮಗಳು ಅದನ್ನು ಕೇಳಿ, ಸ್ಪ್ಯಾನಿಷಿನಲ್ಲಿ ಹೇಳಿದಳು. ಮಾರ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹಾಳಾದ ಸೂರನ್ನು ನಾನು ನೋಡುವುದೂ ಹಾಗೆಯೇ.

ಅವಳು ಹೇಳಿದ್ದು: ತಾಯಿ ಸತ್ತ ಮೇಲಿನ ಮೊದಲ ಹಬ್ಬಕ್ಕೆ ನನಗೂ ಭಯವಿತ್ತು. ನನ್ನಮ್ಮ ಟೆಕ್ಸಸ್ ನೋಡಿಯೇ ಇರಲಿಲ್ಲ, ಅಪಾರ್ಟ್‌ಮೆಂಟ್ ಹೇಗೆ ಹುಡುಕುತ್ತಾಳೆ ಎಂದು ಕೆಳಗೆ ಕಾರು ನಿಲ್ಲಿಸುವ ಜಾಗದಿಂದ ಮೆಟ್ಟಿಲವರೆಗೂ ಹೂವಿನ ಎಸಳು ಚೆಲ್ಲಿದೆ. ಕಸ ಮಾಡಿದೆ ಎಂದು ಮ್ಯಾನೇಜರ್ ಬೈದ. ಆದರೆ ಅಮ್ಮ ಬಂದಳು.

“ಬಂದರು ಅಂತ ಹೇಗೆ ಗೊತ್ತಾಯ್ತು?” ಎಂದೆ. ಪುರಾವೆ ಕೇಳುವುದು ನನ್ನ ಕಸುಬು.

“ಬರದೆ ಎಲ್ಲಿಗೆ ಹೋಗ್ತಾಳೆ?” ಎಂದಳು ಮಾರ್ತಾ.

“ನಂಗೆ ಹೂವಿನ ದಾರೀನೂ ಬೇಡ. ನಿನ್ನ ಮನೆ ನೋಡಿದ್ದೀನಿ, ಎದುರುಗಡೆ ಉದ್ದದ ಮೂಳೆ ಮನುಷ್ಯ ಗುರುತು” ಎಂದು ಅಮ್ಮ ನಕ್ಕಳು. ಆಮೇಲೆ ನಗು ನಿಂತಿತು. ಕೈಯಲ್ಲಿ ಉಳಿದಿದ್ದ ಬ್ರೆಡ್ಡಿನ ಚೂರನ್ನು ನೋಡುತ್ತ ಹೇಳಿದಳು:

“ನಿಮ್ಮಪ್ಪ ಹೋದಾಗ ನೀನು ಬರೋದು ಎರಡು ದಿನ ಆಯ್ತಲ್ಲ. ಆ ಐಸ್ ಪೆಟ್ಟಿಗೆ ನಡುಮನೇಲಿ ಇಟ್ಟಿದ್ರು, ಟಿವಿ ಸ್ವಿಚ್ಚಿಗೆ ಹಾಕಿ. ಫ್ರಿಜ್ ಥರ ಗುಂಯ್ ಅಂತಿತ್ತು. ಗಾಜಿನ ಮೇಲೆ ನೀರು ಕಟ್ಟೋದು, ಮುಖ ಕಾಣ್ತಾ ಇರಲಿಲ್ಲ. ನಾನು ಸೆರಗಲ್ಲಿ ಒರೆಸೋದು, ಮತ್ತೆ ಕಟ್ಟೋದು. ಅಷ್ಟರಲ್ಲಿ ಕರೆಂಟ್ ಹೋಯ್ತು. ಎಲ್ಲರೂ ಜನರೇಟರಿಗೆ ಅಂತ ಓಡಿದ್ರು. ನಾನು ಅಳ್ಲಿಲ್ಲ ಕಣೋ. ಅಳೋಕೆ ಪುರುಸೊತ್ತೇ ಆಗ್ಲಿಲ್ಲ. ಗಂಡ ಹೋಗಿದ್ದಾರೆ, ನಾನು ಕರೆಂಟ್ ಯಾವಾಗ ಬರುತ್ತಪ್ಪಾ ಅಂತ ಅದೇ ಯೋಚನೆ ಮಾಡ್ತಾ ಕೂತಿದ್ದೆ. ವಾಣಿ ಹಾಗೆ ಕೂರೋದು ಬೇಡ.”

ಇದನ್ನು ಇಂಗ್ಲಿಷ್ ಮಾಡು ಎಂದು ಯಾರೂ ನನಗೆ ಹೇಳಲಿಲ್ಲ. ನಾನೂ ಮಾಡಲಿಲ್ಲ. ಅಪ್ಪನನ್ನು ನೋಡಲು ನಾನು ಒಳಗೆ ಬಂದ ಹೊತ್ತಿನಲ್ಲಿ ಗಾಜು ಸ್ವಚ್ಛವಾಗಿತ್ತು. ಎಷ್ಟು ಸ್ವಚ್ಛವಾಗಿದೆ ಎಂದು ಅಂದುಕೊಂಡದ್ದೂ ನೆನಪಿದೆ.

“ಆಯ್ತಮ್ಮ” ಎಂದೆ.

“ಏನು ಆಯ್ತು? ಬಾಯಿಬಿಟ್ಟು ಹೇಳು.”

“ನನಗೋಸ್ಕರ ಕಾಯೋದು ಬೇಡ. ವಾಣೀನೇ ಮಾಡಲಿ.”

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ಅಮ್ಮ ನನಗಿಂತ ದೊಡ್ಡ ಇನ್ಶೂರೆನ್ಸ್. “ಇಲ್ಲಿ ಹೇಳಿದ್ದು ವಾಣಿಗೆ ಹೇಗೆ ಗೊತ್ತಾಗುತ್ತೆ? ಅವಳು ಮಲಗಿರ್ತಾಳೆ, ವಾಯ್ಸ್ ಮೆಸೇಜ್ ಮಾಡು.” ಫೋನ್ ತೆಗೆದು ಹಿಡಿದೆ. “ವಾಣಿ, ನಾನು ರಘು. ಅಮ್ಮ ಹೋದಾಗ…” ಎನ್ನುವಷ್ಟರಲ್ಲಿ ಮೆರವಣಿಗೆ ನಮ್ಮ ಸಾಲಿಗೆ ತಿರುಗಿತು. ದೊಡ್ಡ ಅಂಚಿನ ಟೋಪಿಯ ವಾದ್ಯದವರು ನನ್ನ ಕಿವಿಯ ಪಕ್ಕದಲ್ಲೇ ತುತ್ತೂರಿ ಎತ್ತಿದರು. ಅಮ್ಮ ಕೇಳಿಸಿಕೊಂಡು ನೋಡಿ, “ಹೋದಾಗ ಆದಮೇಲೆ ಏನೂ ಕೇಳಿಸ್ತಿಲ್ಲ, ಮತ್ತೆ ಹೇಳು” ಎಂದಳು. ಮತ್ತೆ ಹೇಳಿದೆ. ಈ ಸಲ ಕಿರುಚಿದೆ. ಎದೆಯ ಮೇಲೆ ಪಕ್ಕೆಲುಬು ಬರೆದುಕೊಂಡಿದ್ದ ಹುಡುಗಿಯರು ಕುಣಿಯುತ್ತ ಹೋಗುತ್ತಿದ್ದರು, ನಾನು ಅವರ ನಡುವೆ ನಿಂತು ನನ್ನ ತಾಯಿಯನ್ನು ಯಾರು ಸುಡಬೇಕು ಎಂದು ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಮಾರ್ತಾ ಅಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

ಮಾರನೆಯ ದಿನ ಹಿಂತಿರುಗುವಾಗ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ವಾಣಿಯ ಉತ್ತರ ಬಂತು. “ಕೇಳಿದೆ, ಅಣ್ಣ” ಎಂದಳು. ಆಮೇಲೆ ಮೂಗು ಒರೆಸಿಕೊಂಡ ದನಿಯಲ್ಲಿ: “ಹಿಂದೆ ಯಾರದ್ದು ಮದುವೆ?” ಅಮ್ಮನಿಗೆ ಕೇಳಿಸೋಣವೆಂದು ಹಿಂದೆ ತಿರುಗಿದೆ. ಅವಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಆರು ತಿಂಗಳಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ಉಸಿರಾಡುತ್ತಿದ್ದಾಳೆಯೇ ಎಂದು ನೋಡಲು ಕೈ ಚಾಚಿದೆ. ಶೈಲಾ ಅದನ್ನು ಹಿಡಿದು ಸ್ಟೀರಿಂಗ್ ಮೇಲೆ ಇಟ್ಟಳು.

ಅಮ್ಮ ಮೈಸೂರು ಸೇರಿ ತಿಂಗಳುಗಳಾದವು, ಚೆನ್ನಾಗಿದ್ದಾಳೆ. ಆ ವಿಷಯ ಎತ್ತುವುದಿಲ್ಲ. ಮಾತು ಕೊಟ್ಟ ಮೇಲೆ ನನಗೂ ನೆಮ್ಮದಿಯಾಗಿರಬೇಕಿತ್ತು. ಆಗಿದೆ ಎಂದೇ ಎಲ್ಲರಿಗೂ ಹೇಳುತ್ತೇನೆ. ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ, ಎಂದಿನಂತೆ, ಡಾಲಸ್‌ನಿಂದ ಬೆಂಗಳೂರಿಗೆ ಎಲ್ಲಕ್ಕಿಂತ ಬೇಗ ತಲುಪುವ ವಿಮಾನ ಯಾವುದು, ಎಲ್ಲಿ ಇಳಿದು ಹತ್ತಿದರೆ ಕಾಯುವುದು ಕಡಿಮೆ ಎಂದು ಕಂಪ್ಯೂಟರಿನಲ್ಲಿ ನೋಡುತ್ತ ಕೂತಿದ್ದೆ. ಕಾಯಬೇಡಿ ಎಂದು ಹೇಳಿದ್ದೇನೆಯೇ ಹೊರತು ಓಡಿ ಬರುವುದಿಲ್ಲ ಎಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಪಕ್ಕದ ಮೇಜಿನ ಬ್ರಾಯನ್ ಬಗ್ಗಿ ನೋಡಿದ. ಒಳ್ಳೆಯ ಹುಡುಗ.

“ಓ, ಊರಿಗೆ ಹೊರಟಿದ್ದೀರಾ? ಯಾವಾಗ?”

“ದಿನ ಇನ್ನೂ ಗೊತ್ತಾಗಿಲ್ಲ” ಎಂದೆ.

“ತಡ ಮಾಡಬೇಡಿ, ಕೊನೇ ಗಳಿಗೆಯಲ್ಲಿ ಸೀಟೇ ಸಿಗಲ್ಲ” ಎಂದ, ನನ್ನ ಬೆನ್ನು ತಟ್ಟಿ.

ನಾನು ಥ್ಯಾಂಕ್ಸ್ ಹೇಳಿದೆ.